ದೋಣಿ ಬಂತು, ದಂಡೆ ಬರಲಿಲ್ಲ: ತುಂಗಭದ್ರೆಯ ಒಂದು ಹೊಳೆದಾಟಿನ ಪ್ರಕರಣ ಅಧ್ಯಯನ

ಹಾವೇರಿ ತಾಲ್ಲೂಕಿನ ಹೊಳೆಸಾಲಿನಲ್ಲಿ ನಿಂತರೆ ಎದುರು ದಂಡೆಯ ಊರಿನ ತಗಡಿನ ಮನೆಗಳು ಲೆಕ್ಕಕ್ಕೆ ಸಿಗುವಷ್ಟು ಹತ್ತಿರ. ನಡುವೆ ಇರುವುದು ಸುಮಾರು 300 ಮೀಟರ್ ನೀರು. ಅದೇ ಊರಿಗೆ ಬೈಕಿನ ಮೇಲೆ ಹೋಗಬೇಕೆಂದರೆ ಮೇಲಿನ ಸೇತುವೆಯನ್ನೋ ಕೆಳಗಿನ ಸೇತುವೆಯನ್ನೋ ಸುತ್ತಬೇಕು, ಒಂದು ತಾಸು ಹಿಡಿಯುತ್ತದೆ. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಬೇಕು, ಅರ್ಧ ದಿನ ಹೋಯಿತೆಂದೇ ಲೆಕ್ಕ.

ಇಂಥ ಜಾಗದಲ್ಲಿ ಹರಿಗೋಲಿನ ಬದಲು ಎಂಜಿನ್ ದೋಣಿ ಹಾಕಿದರೆ ಏನಾಗುತ್ತದೆ, ಏಕೆ ಕೆಲವೇ ತಿಂಗಳಲ್ಲಿ ಆ ದೋಣಿ ದಂಡೆಯ ಮೇಲೆ ಬೋರಲು ಬೀಳುತ್ತದೆ ಎಂಬುದು ಈ ಬರಹದ ವಿಷಯ. ಗುತ್ತಲ ಭಾಗದಿಂದ ಮುಂಡರಗಿ ತಾಲ್ಲೂಕಿನವರೆಗಿನ ಹೊಳೆಸಾಲಿನಲ್ಲಿ ಬೇರೆ ಬೇರೆ ಕಡೆ ಎದುರಾಗುವ ಸ್ಥಿತಿಯನ್ನು ಇಲ್ಲಿ ಒಂದೇ ದಾಟು ಎಂದು ಹಿಡಿದಿದೆ. ಹಾಗಾಗಿ ಊರ ಹೆಸರು ಹಾಕಿಲ್ಲ. ದೋಣಿಯ ಅಳತೆ, ಕೂಲಿ, ದರ ಎಲ್ಲ ಲೆಕ್ಕಕ್ಕಾಗಿ ಹಿಡಿದವು. ತಮ್ಮ ಊರಿನ ಅಂಕಿ ಹಾಕಿ ಯಾರಾದರೂ ಮತ್ತೆ ಲೆಕ್ಕ ಮಾಡಿಕೊಳ್ಳಬಹುದು. ಮೊದಲೇ ಹೇಳಿಬಿಡುವ ಮಾತು ಒಂದಿದೆ. ಕೆಟ್ಟದ್ದು ದೋಣಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಸಾಮಾನ್ಯವಾಗಿ ಕೆಟ್ಟಿರುವುದು ದಂಡೆ.

ಎರಡು ದಂಡೆ, ಎರಡು ಸರ್ಕಾರ

ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಬರುವ ಹೊಳೆ ಹರಿಹರ ದಾಟಿ ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತದೆ. ಗಳಗನಾಥದಲ್ಲಿ ವರದೆ ಬಂದು ಸೇರುತ್ತದೆ. ಅಲ್ಲಿಂದ ಕೆಳಗೆ ಹೊಳೆಯ ಅಗಲವೂ ಬೇರೆ, ಮಳೆಗಾಲದ ಸೊಕ್ಕೂ ಬೇರೆ. ಇನ್ನೂ ಕೆಳಗೆ, ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ಅದರ ಹಿನ್ನೀರು ನಿಂತಷ್ಟು ದೂರ ಹೊಳೆಯ ಸ್ವಭಾವ ಕೆರೆಯದ್ದು. ಈ ಸಾಲಿನಲ್ಲಿ ಅಂಬಿಗರ ಕಸುಬಿಗೆ ಎಂಟುನೂರು ವರ್ಷಕ್ಕೂ ಮಿಕ್ಕಿದ ನೆನಪಿದೆ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ಇದೇ ಹೊಳೆಯ ದಂಡೆಯ ಊರು.

ಈಗಿನ ತೊಡಕಿಗೆ ಕಾರಣ ಅಷ್ಟು ಹಳೆಯದಲ್ಲ. ಬ್ರಿಟಿಷರ ಕಾಲದಲ್ಲಿ ಈಚೆ ದಂಡೆ ಮುಂಬೈ ಪ್ರಾಂತ, ಆಚೆಯ ಹಡಗಲಿ ದಂಡೆ ಮದ್ರಾಸ್ ಪ್ರಾಂತ. ದೋಣಿ ಹಕ್ಕಿಗೆ ಈಚೆ 1868ರ ಮುಂಬೈ ಕಾಯ್ದೆ, ಆಚೆ 1890ರ ಮದ್ರಾಸ್ ಕಾಯ್ದೆ. 1953ರಲ್ಲಿ ಬಳ್ಳಾರಿ ಸೀಮೆ ಮೈಸೂರಿಗೆ ಬಂತು, 1956ರಲ್ಲಿ ಎರಡೂ ದಂಡೆ ಒಂದೇ ರಾಜ್ಯವಾದವು. ಹಾವೇರಿ, ಗದಗ 1997ರಲ್ಲಿ ಧಾರವಾಡದಿಂದ ಬೇರೆಯಾದವು. 2021ರಲ್ಲಿ ಹೂವಿನಹಡಗಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ರಾಜ್ಯ ಒಂದಾದರೂ ಹೊಳೆ ಇಂದಿಗೂ ಜಿಲ್ಲಾ ಗಡಿಯೇ. ಈಚೆಯ ಪಂಚಾಯಿತಿ ಆಚೆ ದಂಡೆಯಲ್ಲಿ ಒಂದು ಬುಟ್ಟಿ ಕಾಂಕ್ರೀಟ್ ಹಾಕುವಂತಿಲ್ಲ, ಆಚೆಯವರು ಈಚೆ ಹಾಕುವಂತಿಲ್ಲ. ದೋಣಿಗೋ, ಎರಡೂ ಕಡೆ ದಂಡೆ ಬೇಕು.

ಹರಿಗೋಲು ಏಕೆ ಇಷ್ಟು ದಿನ ಬಾಳಿತು

ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ಹೊಳೆಯ ಆನೆಗೊಂದಿ ಬಳಿ ಬುಟ್ಟಿಯಂಥ ದುಂಡು ದೋಣಿಗಳನ್ನು ಬರೆದಿಟ್ಟಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ದೋಣಿ ಸದಾ ತಿರುಗುತ್ತಲೇ ಇರುತ್ತದೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಗೋಣಿತಟ್ಟು, ಡಾಂಬರು ಬಂದಿದೆ ಎನ್ನುವುದನ್ನು ಬಿಟ್ಟರೆ ಇವತ್ತಿಗೂ ಆ ವಿವರ ಸರಿಹೊಂದುತ್ತದೆ. ಬಿದಿರಿನ ಸೀಳುಗಳನ್ನು ನಡುವಿನಿಂದ ಹೆಣೆಯುತ್ತ ಬಂದು ಅಂಚಿಗೆ ದಪ್ಪ ಸುತ್ತು ಕಟ್ಟುತ್ತಾರೆ. ಅಂಚಿನ ಸುತ್ತು ಸಡಿಲಾದರೆ ಹರಿಗೋಲು ಮೊಟ್ಟೆಯಾಕಾರಕ್ಕೆ ಬರುತ್ತದೆ; ಆಮೇಲೆ ಎಷ್ಟು ಡಾಂಬರು ಬಳಿದರೂ ಬಿರುಕು ನಿಲ್ಲುವುದಿಲ್ಲ. ಬಿಸಿಲಿಗೆ ಬೋರಲು ಹಾಕಿಟ್ಟರೆ ಡಾಂಬರು ಕರಗಿ ಇಳಿಯುತ್ತದೆ, ಹಾಗೆಂದು ನೀರಲ್ಲೇ ಬಿಟ್ಟರೆ ಬಿದಿರು ಕೊಳೆಯುತ್ತದೆ. ಮರದ ನೆರಳೇ ಅದಕ್ಕೆ ಸರಿಯಾದ ಜಾಗ.

ಎಂಟು ಅಡಿ, ಅಂದರೆ 2.4 ಮೀಟರ್ ವ್ಯಾಸದ ಹರಿಗೋಲಿನ ತಳ ಸುಮಾರು 4.5 ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಲು 45 ಕಿಲೋ ಭಾರ ಬೇಕು. ಹರಿಗೋಲಿನ ತೂಕ 80 ಕಿಲೋ, ತಲಾ 60 ಕಿಲೋದ ಎಂಟು ಜನ ಎಂದು ಹಿಡಿದರೆ 560 ಕಿಲೋ. ಹನ್ನೆರಡೂವರೆ ಸೆಂಟಿಮೀಟರ್ ಮುಳುಗುತ್ತದೆ. ತಳ ದುಂಡಗಿರುವುದರಿಂದ ಇನ್ನೊಂದೆರಡು ಸೆಂಟಿಮೀಟರ್ ಹೆಚ್ಚು. ಹದಿನಾರು ಜನ ಹತ್ತಿದರೂ ಲೆಕ್ಕದ ಪ್ರಕಾರ 23 ಸೆಂಟಿಮೀಟರೇ. ಎರಡಡಿ ಎತ್ತರದ ಅಂಚು ಇನ್ನೂ ಒಂದಡಿ ಮೇಲಿರುತ್ತದೆ. ಮೋಸ ಇರುವುದು ಇಲ್ಲೇ. ಅಂಚು ಮೇಲಿದೆ ಎಂದು ಜನ ಹತ್ತುತ್ತಲೇ ಹೋಗುತ್ತಾರೆ. ಹರಿಗೋಲು ಭಾರಕ್ಕೆ ಮುಳುಗುವುದು ಕಡಿಮೆ, ವಾಲುವುದಕ್ಕೆ ಮುಳುಗುತ್ತದೆ. ಹದಿನಾರರಲ್ಲಿ ಮೂವರು ಫೋಟೊ ತೆಗೆಯಲು ಒಂದೇ ಬದಿಗೆ ಎದ್ದು ನಿಂತರೆ ಆ ಒಂದಡಿಯ ಲೆಕ್ಕ ಮುಗಿಯಿತು. "ಯಪ್ಪಾ, ನಡುವ ಕುಂದರ್ರಿ, ನಿಂದರಬ್ಯಾಡ್ರಿ" ಎಂದು ಅಂಬಿಗ ಪ್ರತಿ ಸಲ ಕೂಗುವುದು ಇದಕ್ಕೇ.

ಇನ್ನೊಂದು ಲೆಕ್ಕ ಅಂಬಿಗನ ಕಾಲಿಗೆ ಗೊತ್ತಿರುತ್ತದೆ. ಹುಟ್ಟು ಹಾಕಿದರೆ ಹರಿಗೋಲು ಅಡ್ಡಕ್ಕೆ ಸೆಕೆಂಡಿಗೆ ಅರ್ಧ ಮೀಟರ್ ಸರಿಯುತ್ತದೆ ಎಂದುಕೊಳ್ಳಿ. 300 ಮೀಟರ್ ದಾಟಲು ಹತ್ತು ನಿಮಿಷ. ಸೆಳವು ಸೆಕೆಂಡಿಗೆ ಒಂದು ಮೀಟರ್ ಇದ್ದರೆ ಆ ಹತ್ತು ನಿಮಿಷದಲ್ಲಿ ಹೊಳೆ ಅದನ್ನು 600 ಮೀಟರ್ ಕೆಳಗೆ ಒಯ್ದಿರುತ್ತದೆ. ಅದಕ್ಕೇ ಖಾಲಿ ಹರಿಗೋಲನ್ನು ಹಗ್ಗ ಹಿಡಿದು ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಜನರನ್ನು ಹತ್ತಿಸುವುದು. ಬೇಸಿಗೆಯಲ್ಲಿ ಹತ್ತುವ ಜಾಗ, ಮಳೆ ಶುರುವಾದಾಗ ಹತ್ತುವ ಜಾಗ, ಮಳೆ ಇಳಿದ ಮೇಲಿನ ಜಾಗ ಮೂರೂ ಬೇರೆ. ಹರಿಗೋಲಿಗೆ ಒಂದಡಿ ನೀರಿದ್ದರೆ ಸಾಕು, ಗಟ್ಟಿ ನೆಲ ಬೇಕಿಲ್ಲ, ಮೆಟ್ಟಿಲು ಬೇಕಿಲ್ಲ. ಹೊಳೆ ಎಲ್ಲಿಗೆ ಹೋದರೆ ದಾಟೂ ಅಲ್ಲಿಗೆ ಹೋಗುತ್ತದೆ. ಅದರ ನಿಜವಾದ ಬಲ ಇದು. ಎಂಜಿನ್ ದೋಣಿ ಕಳೆದುಕೊಳ್ಳುವುದೂ ಇದನ್ನೇ.

ಎಂಜಿನ್ ದೋಣಿ ಬಂದ ಮೇಲೆ

ಸಾಮಾನ್ಯವಾಗಿ ತರುವುದು 20 ಅಡಿ ಉದ್ದ, 6 ಅಡಿ ಅಗಲದ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ದೋಣಿ, ಎಂಜಿನ್ ಸೇರಿ 450 ಕಿಲೋ, ಹನ್ನೆರಡು ಜನ ಕೂತರೆ 1,200 ಕಿಲೋ ಆಸುಪಾಸು. ಇಷ್ಟು ಭಾರಕ್ಕೆ ದೋಣಿಯ ಹೊಟ್ಟೆ ನೀರೊಳಗೆ ಹೋಗುವುದು 16 ಸೆಂಟಿಮೀಟರಿನಷ್ಟೇ. ಆದರೆ ಎಂಜಿನ್ನಿನ ಕಾಲು ಎರಡಡಿ ಕೆಳಗೆ ಇಳಿದಿರುತ್ತದೆ. ಆ ಕಾಲಿನ ತುದಿಯಲ್ಲಿ ನೀರು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಕೆಳಗೆ ಅರ್ಧ ಅಡಿ ಬಿಡಬೇಕೆಂದರೆ ಎರಡೂವರೆ ಅಡಿ, 75 ಸೆಂಟಿಮೀಟರ್ ನೀರು ಬೇಕು. ದಂಡೆಯ ಇಳಿಜಾರು ಎಂಟಕ್ಕೆ ಒಂದು ಎಂದಾದರೆ ಅಷ್ಟು ಆಳ ಸಿಗುವುದು ನೀರಂಚಿನಿಂದ ಆರು ಮೀಟರ್ ಒಳಗೆ. ಅಂದರೆ ಹತ್ತುವವರು ಮೊಣಕಾಲುದ್ದ ನೀರಲ್ಲಿ ನಡೆಯಬೇಕು, ಇಲ್ಲವೇ ದೋಣಿಯವರು ಹತ್ತು ಮೀಟರ್ ದೂರದಲ್ಲೇ ಎಂಜಿನ್ ಬಂದ್ ಮಾಡಿ, ಮೇಲಕ್ಕೆ ಎತ್ತಿ, ಬಿದಿರಿನ ಗಳ ಊರಿ ದಡ ಮುಟ್ಟಿಸಬೇಕು. ಎರಡನೆಯದೇ ಸರಿ. ಆದರೆ ಅದಕ್ಕೆ ಮುಂದೆ ಗಳ ಹಿಡಿದ ಇನ್ನೊಬ್ಬ ಬೇಕು. ಖರ್ಚು ಉಳಿಸಲು ಆ ಇನ್ನೊಬ್ಬನನ್ನು ಬಿಡಿಸಿದ ದಿನವೇ ಫ್ಯಾನು ಕಲ್ಲಿಗೆ ಬಡಿಯುತ್ತದೆ.

ಬಡಿದಾಗ ಮುರಿಯಲೆಂದೇ ಫ್ಯಾನಿನ ಹಿಂದೆ ಒಂದು ಮೆತ್ತನೆಯ ಪಿನ್ ಇಟ್ಟಿರುವ ಎಂಜಿನ್‌ಗಳಿವೆ. ಕೆಲವದರಲ್ಲಿ ಪಿನ್ ಬದಲು ಫ್ಯಾನಿನೊಳಗೆ ರಬ್ಬರ್ ಬುಷ್ ಇರುತ್ತದೆ, ಅದು ಜಾರಿ ಗೇರು ಉಳಿಸುತ್ತದೆ. ಪಿನ್ ಇರುವ ಎಂಜಿನ್ನಾದರೆ ನಾಲ್ಕು ಬಿಡಿ ಪಿನ್, ಒಂದು ಕಟಿಂಗ್ ಪ್ಲೈಯರ್ ದೋಣಿಯಲ್ಲೇ ಇರಬೇಕು. ಪಿನ್ ಸಿಗಲಿಲ್ಲವೆಂದು ಗ್ಯಾರೇಜಿನಲ್ಲಿ ಗಟ್ಟಿ ಮೊಳೆ ತುಂಡು ಹೊಡೆಸಿಕೊಂಡು ಬರುವುದುಂಟು. ಮುಂದಿನ ಸಲ ಬಡಿದಾಗ ಮೊಳೆ ಮುರಿಯುವುದಿಲ್ಲ, ಗೇರಿನ ಹಲ್ಲು ಮುರಿಯುತ್ತದೆ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸ ಹೀಗೆ ಸಾವಿರಾರಕ್ಕೆ ಏರಿ, ಬಿಡಿಭಾಗಕ್ಕೆ ಮಂಗಳೂರು, ಕಾರವಾರದ ಕಡೆ ಫೋನ್ ಹಚ್ಚುವ ಹಂತಕ್ಕೆ ಬರುತ್ತದೆ.

ಇನ್ನೊಂದು ಕಾಯಿಲೆ ಕೆಸರಿನದು. ಈ ಎಂಜಿನ್‌ಗಳು ಹೊಳೆಯ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತವೆ. ಎಂಜಿನ್ ಚಾಲೂ ಇದ್ದಾಗ ಹಿಂಬದಿಯಿಂದ ಬೆರಳಿನಷ್ಟು ತೆಳ್ಳಗೆ ನೀರು ಚಿಮ್ಮುತ್ತಿರಬೇಕು. ಅದು ಸಣ್ಣದಾದರೆ ಒಳಗಿನ ರಬ್ಬರ್ ಇಂಪೆಲ್ಲರ್ (ನೀರೆಳೆಯುವ ಪಂಪಿನ ರೆಕ್ಕೆ) ಸವೆದಿದೆ ಅಥವಾ ನೀರು ಎಳೆಯುವ ಜಾಲರಿಗೆ ಹುಲ್ಲು, ಬಲೆದಾರ, ಪ್ಲಾಸ್ಟಿಕ್ ಸಿಕ್ಕಿದೆ. ಜುಲೈನ ಕೆಂಪು ನೀರಲ್ಲಿ ಇಂಪೆಲ್ಲರ್ ಸಮುದ್ರದಲ್ಲಿ ಬಾಳಿದಷ್ಟು ಬಾಳುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸಿಬಿಡುವುದೇ ಅಗ್ಗ. ಚಿಮ್ಮುವ ನೀರು ನಿಂತಿದ್ದನ್ನು ನೋಡದೆ ನಾಲ್ಕು ಸುತ್ತು ಹೊಡೆದರೆ ಎಂಜಿನ್ ಜಾಮ್ ಆಗುತ್ತದೆ, ಅದೂ ನಡುಹೊಳೆಯಲ್ಲಿ. ಹಾಗಾಗಿ ಎಂಜಿನ್ ದೋಣಿಯಲ್ಲೂ ಎರಡು ಹುಟ್ಟು, ಒಂದು ಗಳ, ಭಾರದ ಲಂಗರು, ಹದಿನೈದಿಪ್ಪತ್ತು ಮೀಟರ್ ಹಗ್ಗ ಖಾಯಂ ಇರಬೇಕು. ಎಂಜಿನ್ ನಿಂತ ಕೂಡಲೇ ಮಾಡಬೇಕಾದ್ದು ದಾರ ಎಳೆದೆಳೆದು ಚಾಲೂ ಮಾಡುವುದಲ್ಲ, ಲಂಗರು ಬಿಡುವುದು.

ಹೊಳೆಯ ತಳವೂ ನಿಂತಲ್ಲಿ ನಿಲ್ಲುವುದಿಲ್ಲ. ಮರಳು ತೆಗೆದ ಕಡೆ ಆಳುದ್ದ ಗುಂಡಿ, ಅದರ ಪಕ್ಕದಲ್ಲೇ ಮೊಣಕಾಲಿನಷ್ಟು ದಿಬ್ಬ. ನೀರಲ್ಲಿ ಇಳಿದು ಹತ್ತುವ ಹೆಂಗಸರು, ಮಕ್ಕಳಿಗೆ ಅಪಾಯ ಇರುವುದು ನಡುಹೊಳೆಗಿಂತ ಈ ಗುಂಡಿಗಳಲ್ಲಿ.

ದಂಡೆ ಕಟ್ಟುವುದೆಂದರೆ

ಕೊಚ್ಚಿಯ ವಾಟರ್ ಮೆಟ್ರೊ 2023ರ ಏಪ್ರಿಲ್‌ನಲ್ಲಿ ಶುರುವಾದಾಗಿನಿಂದ ಒಳನಾಡಿನಲ್ಲೂ "ನಮಗೂ ಹಂಗ ತೇಲೂ ಕಟ್ಟಿ ಮಾಡ್ರಿ" ಎಂಬ ಬೇಡಿಕೆ ಕೇಳಿಬರುತ್ತದೆ. ಅಲ್ಲಿ ದೋಣಿ ಬಂದು ನಿಲ್ಲುವ ಕಟ್ಟೆ ನೀರಿನ ಜೊತೆಗೇ ಏರಿಳಿಯುತ್ತದೆ. ಗಾಲಿಕುರ್ಚಿಯವರೂ ಸಮಮಟ್ಟದಲ್ಲಿ ದೋಣಿಗೆ ಹೋಗುತ್ತಾರೆ. ನಿಜವಾಗಿ ಕಲಿಯಬೇಕಾದ ವ್ಯವಸ್ಥೆ. ಆದರೆ ಕೊಚ್ಚಿಯ ಹಿನ್ನೀರಿನಲ್ಲಿ ಉಬ್ಬರವಿಳಿತದ ಅಂತರ ಸುಮಾರು ಒಂದು ಮೀಟರ್ ಒಳಗೇ. ಇಲ್ಲಿ ಮೇ ತಿಂಗಳ ನೀರಿಗೂ ಆಗಸ್ಟ್ ತಿಂಗಳ ನೀರಿಗೂ ಎರಡಾಳಿನ ಎತ್ತರದ ವ್ಯತ್ಯಾಸ ಬರುವ ಜಾಗಗಳಿವೆ. ಪ್ರವಾಹದಲ್ಲಿ ಬೇರುಸಮೇತ ಮರ, ಮೇವಿನ ಬಣವೆ, ಪಂಪ್‌ಸೆಟ್ಟಿನ ಪೈಪು ಎಲ್ಲ ತೇಲಿ ಬರುತ್ತವೆ. ಹೊಳೆಗೆ ಅಡ್ಡ ನಿಂತ ತೇಲುಕಟ್ಟೆಯ ಮೇಲ್ಬದಿಗೆ ಅವೆಲ್ಲ ಬಂದು ಒತ್ತಿದರೆ ಹಗ್ಗವೇನು, ಸರಪಳಿಯೂ ತಡೆಯುವುದಿಲ್ಲ. ಮಂಗಳೂರಿನ ನೇತ್ರಾವತಿ, ಗುರುಪುರ ನದಿಗಳಿಗೆ ಹಾಕಿಕೊಂಡ ವಾಟರ್ ಮೆಟ್ರೊ ಯೋಜನೆಯ ನಕ್ಷೆಯನ್ನು ತಂದು ಇಲ್ಲಿ ಹಾಸಿದರೆ ಹೊಂದದು.

ಇಲ್ಲಿಗೆ ಬೇಕಾದದ್ದು ನೀರು ಎಷ್ಟೇ ಇದ್ದರೂ ಅದರ ಅಂಚಿನಲ್ಲಿ ಗಟ್ಟಿ ನೆಲ ಸಿಗುವಂಥ ಉದ್ದನೆಯ ಇಳಿಜಾರು. ಎಂಟಕ್ಕೆ ಒಂದರಂತೆ ಇಳಿಸಿದರೆ ಐದು ಮೀಟರ್ ಎತ್ತರಕ್ಕೆ 40 ಮೀಟರ್ ಉದ್ದ. ಇದಕ್ಕಿಂತ ಕಡಿದಾದರೆ ಬೈಕು ಜಾರುತ್ತದೆ, ತಲೆ ಮೇಲೆ ಚೀಲ ಹೊತ್ತವರು ಇಳಿಯಲಾರರು. ಅಗಲ ಮೂರು ಮೀಟರ್ ಇದ್ದರೆ ಒಂದು ಬದಿಗೆ ಮೆಟ್ಟಿಲನ್ನೂ, ಕೈ ಹಿಡಿಯಲು ಪೈಪನ್ನೂ ಕೂಡಿಸಬಹುದು.

ಹೊಳೆದಂಡೆಯ ಎರೆಮಣ್ಣಿನ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಎರಡೇ ವರ್ಷ. ಆ ಮಣ್ಣು ಮಳೆಗೆ ಹಿಗ್ಗಿ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಹಾಸು ಮಧ್ಯೆ ಮುರಿಯುತ್ತದೆ. ಎರಡಡಿ ಎರೆ ತೆಗೆದು, ಗರಸು ತುಂಬಿ, ನೀರು ಹೊಡೆದು ಪದರ ಪದರವಾಗಿ ರೋಲರ್ ಹೊಡೆಸಿ, ಮೇಲೆ ಕಲ್ಲುಹಾಸು, ಅದರ ಮೇಲೆ 15 ಸೆಂಟಿಮೀಟರ್ ಕಾಂಕ್ರೀಟ್. ಅದನ್ನೂ ಒಂದೇ ಹಾಸಾಗಿ ಹಾಕದೆ ಮೂರು ಮೂರು ಮೀಟರಿನ ತುಂಡುಗಳಾಗಿ ಹಾಕಬೇಕು. ಬುಡ ಕೊರೆದಾಗ ಕೊನೆಯ ಒಂದು ತುಂಡು ಕುಸಿಯುತ್ತದೆ, ಇಡೀ ದಾರಿ ಅಲ್ಲ. ಹಸಿ ಇರುವಾಗಲೇ ಮೇಲೆ ಮೀನಿನ ಮುಳ್ಳಿನ ಆಕಾರದ ಗೆರೆ ಒತ್ತಿಸಬೇಕು. ಒಂದಂಗುಲ ಆಳ, ಅರ್ಧ ಅಡಿಗೊಂದು. ಅಡ್ಡಗೆರೆಯಾದರೆ ರಾಡಿ ತುಂಬಿ ನಿಲ್ಲುತ್ತದೆ, ಓರೆ ಗೆರೆಯಾದರೆ ಹರಿದು ಹೋಗುತ್ತದೆ. ನಯವಾಗಿ ಪಾಲಿಶ್ ಹೊಡೆದ ಹಾಸು ಪಾಚಿ ಹಿಡಿದರೆ ಎಂಥವರೂ ಬೀಳುತ್ತಾರೆ. ತಳದ ತುದಿಗೆ ತಂತಿ ಜಾಳಿಗೆಯೊಳಗೆ ಕಲ್ಲು ತುಂಬಿದ, ಮೀಟರ್ ದಪ್ಪದ ಗೋಡೆ ಹೂಳಬೇಕು. ಕಟ್ಟಡಗೋಡೆಯಂತೆ ಬಿರಿಯದೆ, ಮಣ್ಣು ಕೊರೆದಂತೆ ಅದು ಬಾಗಿ ಕೂರುತ್ತದೆ.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹೊಳೆ ತಿರುಗುವ ಕಡೆ ಹೊರಬದಿಯಲ್ಲಿ ಆಳ ಚೆನ್ನಾಗಿರುತ್ತದೆ, ಆದರೆ ದಂಡೆ ಕೊರೆಯುತ್ತದೆ. ಒಳಬದಿಯಲ್ಲಿ ದಂಡೆ ನಿಲ್ಲುತ್ತದೆ, ಮರಳು ತುಂಬಿ ದೋಣಿ ಮುಟ್ಟದು. ನೇರ ಹರಿವಿರುವ ಜಾಗ ಹುಡುಕಬೇಕು. ಇಳಿಜಾರಿನ ಮುಖ ಹೊಳೆ ಹರಿಯುವ ದಿಕ್ಕಿಗೆ ಓರೆಯಾಗಿರಬೇಕು, ಮೇಲ್ದಿಕ್ಕಿಗೆ ಮುಖ ಮಾಡಿದರೆ ಪ್ರತಿ ನೆರೆಯೂ ಅದರೊಳಕ್ಕೆ ಕೆಸರು ತಂದು ಸುರಿಯುತ್ತದೆ. ದೋಣಿ ಮಾತ್ರ ಯಾವಾಗಲೂ ಮೂತಿಯನ್ನು ಹೊಳೆಯ ಮೇಲ್ದಿಕ್ಕಿಗೆ ಇಟ್ಟೇ ದಡ ಸೇರಬೇಕು. ಬೆನ್ನಿಗೆ ಸೆಳವು ಇಟ್ಟುಕೊಂಡು ಬಂದ ದೋಣಿಯನ್ನು ನಿಲ್ಲಿಸುವುದು ಕಷ್ಟ.

ಇಷ್ಟೆಲ್ಲ ಬರೆದ ನಕ್ಷೆ ಇದ್ದರೂ ಕೆಳಗಿನ ತುದಿ ಉಳಿದುಹೋಗುತ್ತದೆ, ಅದಕ್ಕೆ ಕಾರಣ ಹಣಕಾಸು ವರ್ಷ. ಬಿಲ್ ಆಗಬೇಕಾದ್ದು ಮಾರ್ಚ್ ಒಳಗೆ. ಮೈಲಾರ ಜಾತ್ರೆಗೆ, ಕುಡಿಯುವ ನೀರಿಗೆ ಎಂದು ಫೆಬ್ರುವರಿ ಸುಮಾರಿಗೆ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುತ್ತಾರೆ. ಕೆಲಸದ ಹೊತ್ತಿಗೆ ಕೊನೆಯ ಐದಾರು ಮೀಟರ್ ನೀರಿನಡಿ ಇರುತ್ತದೆ. ಗುತ್ತಿಗೆದಾರ ನೀರಂಚಿನವರೆಗೆ ಹಾಕಿ, ಫೋಟೊ ಹೊಡೆಸಿ ಹೋಗುತ್ತಾನೆ. ಏಪ್ರಿಲ್, ಮೇನಲ್ಲಿ ನೀರು ಇಳಿದಾಗ ಕಾಂಕ್ರೀಟ್ ತುದಿಯಿಂದ ಕೆಸರಿಗೆ ಜಿಗಿಯಬೇಕು. ಬುಡ ಬಯಲಾಗಿ ಮುಂದಿನ ನೆರೆಗೆ ಕೊರೆತವೂ ಅಲ್ಲಿಂದಲೇ ಶುರು. ಇದಕ್ಕಿರುವ ದಾರಿ ಕೆಲಸವನ್ನು ಎರಡು ಹಂತ ಮಾಡುವುದು: ಕೆಳಭಾಗಕ್ಕೆ ಪ್ರತ್ಯೇಕ ಅಂದಾಜುಪಟ್ಟಿ, ಅದು ಮೇ ತಿಂಗಳದ್ದು, ಮೇಲ್ಭಾಗ ಯಾವಾಗಲಾದರೂ ಆಗುತ್ತದೆ.

ಕಟ್ಟಿದ ಮೇಲೂ ಬಿಡುವಂತಿಲ್ಲ. ನೆರೆ ಇಳಿದಾಗ ಇಳಿಜಾರಿನ ಮೇಲೆ ಗೇಣುದ್ದ ಮೆಕ್ಕಲು ಕೂತಿರುತ್ತದೆ. ಅದು ಹಸಿ ಇರುವಾಗಲೇ, ಎರಡು ದಿನದೊಳಗೆ, ಪಕ್ಕದ ಹೊಲದ 5 ಎಚ್‌ಪಿ ಪಂಪಿನ ಪೈಪು ಹಿಡಿದು ಮೇಲಿಂದ ಕೆಳಕ್ಕೆ ತೊಳೆದರೆ ಒಂದೆರಡು ತಾಸಿನ ಕೆಲಸ. ವಾರ ಬಿಟ್ಟರೆ ಅದೇ ಮೆಕ್ಕಲು ಇಟ್ಟಿಗೆಯಾಗುತ್ತದೆ, ಗುದ್ದಲಿ ಹಚ್ಚಬೇಕು.

ನೀರು ಕಡಿಮೆ ಇರುವ ತಿಂಗಳುಗಳಿಗೆ ಸಣ್ಣ ತೇಲುಕಟ್ಟೆ ಉಪಯೋಗವೇ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಎಂಟು, ಮೇಲೆ ಹಲಗೆ ಅಥವಾ ಕಬ್ಬಿಣದ ಜಾಲರಿ. ಎಂಟು ಡ್ರಮ್ 1,600 ಕಿಲೋ ಎತ್ತುತ್ತವೆ. ಕಟ್ಟೆಯ ತೂಕ, ವಾಲುವಿಕೆ ಎಲ್ಲ ಸೇರಿ ಅರ್ಧಕ್ಕೇ ನಿಲ್ಲಿಸಿದರೆ ಏಕಕಾಲಕ್ಕೆ ಹತ್ತು ಜನ ಧೈರ್ಯವಾಗಿ ನಿಲ್ಲಬಹುದು. ಡ್ರಮ್ಮಿನ ಮುಚ್ಚಳಕ್ಕೆ ವಾಷರ್ ಸರಿಯಿಲ್ಲದಿದ್ದರೆ ಒಂದು ಮೂಲೆ ನಿಧಾನಕ್ಕೆ ಕೂರುತ್ತದೆ, ಅದನ್ನು ತಿಂಗಳಿಗೊಮ್ಮೆ ನೋಡಬೇಕು. ಜೂನ್ ಮೊದಲ ವಾರಕ್ಕೆ ಟ್ರ್ಯಾಕ್ಟರಿನಿಂದ ಎಳೆದು ದಂಡೆ ಮೇಲೆ ಹಾಕುವುದು ಕಡ್ಡಾಯ.

ಕಾಳಿನ ಲೆಕ್ಕ, ಪೆಟ್ರೋಲಿನ ಲೆಕ್ಕ

ಹಿಂದೆ ಹೊಳೆಸಾಲಿನ ಅಂಬಿಗ ಪ್ರತಿ ದಾಟಿಗೂ ದುಡ್ಡು ಕೇಳುತ್ತಿರಲಿಲ್ಲ. ಊರವರು ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಕೊಡುತ್ತಿದ್ದರು, ಹೊರಗಿನವರು ಚಿಲ್ಲರೆ ಕೊಡುತ್ತಿದ್ದರು. ವರ್ಷದ ಚಂದಾ ಇದ್ದ ಹಾಗೆ: ದಾಟಿದರೂ ಸರಿ, ದಾಟದಿದ್ದರೂ ಸರಿ, ಹೊಳೆಗೆ ಒಬ್ಬ ಆಳು ಖಾಯಂ ಇರುತ್ತಿದ್ದ. ಪೆಟ್ರೋಲಿಗೆ ಮಾತ್ರ ಕಾಳು ನಡೆಯುವುದಿಲ್ಲ, ದಿನದ ರೊಕ್ಕ ಬೇಕು.

ಒಂದು ದಾಟಿಗೆ ಮೂರು ನಿಮಿಷ ಓಡಿಸುವುದು, ನಿಲ್ಲಿಸಿ ತಿರುಗಿಸುವುದು ಎಲ್ಲ ಸೇರಿ 0.2 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಎಂದರೆ ₹20. ಇಬ್ಬರು ಆಳಿಗೆ ತಲಾ ₹600, ರಿಪೇರಿಗೆ ದಿನಕ್ಕೆ ₹200 ಎತ್ತಿಡುವುದು. ಕರೆದಾಗಲೆಲ್ಲ ಹೋಗಿ ದಿನಕ್ಕೆ 40 ದಾಟು ಹೊಡೆದರೆ ಖರ್ಚು ₹2,200. ತಲೆಗೆ ₹20ರಂತೆ 110 ಜನ ಬೇಕು. ಅದೇ ದೋಣಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊತ್ತು ಗೊತ್ತುಮಾಡಿಕೊಂಡು 16 ದಾಟು ಹೊಡೆದರೆ ಖರ್ಚು ₹1,720, ಬೇಕಾದವರು 86 ಜನ. ಅಂದರೆ ದಾಟಿಗೆ ಐದಾರು ಮಂದಿ. ಪೆಟ್ರೋಲಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಹೊತ್ತು ಗೊತ್ತಿದ್ದರೆ ಜನ ಕಾಯುತ್ತಾರೆ ಎಂಬುದೇ ದೊಡ್ಡ ಲಾಭ; ಗೊತ್ತಿಲ್ಲದಿದ್ದರೆ ದಂಡೆಗೆ ಬಂದು ನೋಡಿ ತಿರುಗಿ ಹೋಗುತ್ತಾರೆ. ಸರಕಿಗೆ ಸುಲಭ ನಿಯಮ: ಗೋವಿನಜೋಳದ ಒಂದು ಚೀಲ ಒಬ್ಬ ಮನುಷ್ಯನ ಲೆಕ್ಕ, ದರಕ್ಕೂ ಭಾರಕ್ಕೂ.

ಬ್ಯಾಟರಿಗೆ ಇಂಥ ಸಣ್ಣ ದಾಟು ಹೇಳಿ ಮಾಡಿಸಿದ್ದು. ಮೂರು ಕಿಲೋವಾಟ್ ಮೋಟಾರ್ ಮೂರು ನಿಮಿಷಕ್ಕೆ 0.15 ಯೂನಿಟ್ ತಿನ್ನುತ್ತದೆ. 40 ದಾಟಿಗೂ ಆರು ಯೂನಿಟ್ಟೇ. 48 ವೋಲ್ಟ್, 150 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಸಾಕು, ಊರಿನ ಸಿಂಗಲ್ ಫೇಸ್ ಕರೆಂಟಿನಲ್ಲಿ ರಾತ್ರಿ ತುಂಬುತ್ತದೆ. ಕೇರಳದ ವೈಕ್ಕಂ ಬಳಿ 75 ಜನರ ಸೌರ ದೋಣಿ 2017ರಿಂದ ಓಡುತ್ತಿದೆ. ಆದರೆ ಅದು ನಿಂತ ನೀರಿನ ಮಾತು. ಮೂರು ಕಿಲೋವಾಟ್ ಇಲ್ಲಿಯ ಆಗಸ್ಟ್ ಸೆಳವಿಗೆ ಸಾಲದು. ಹಮ್ಮಿಗಿ ಹಿನ್ನೀರಿನಂಥ ಕಡೆ ಮೊದಲು ಹಾಕಿ ನೋಡುವುದು ಲೇಸು.

ಯಾರೂ ಅಂದಾಜು ಮಾಡದ ಪೈಪೋಟಿ ಬಂದದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆಯ ರೂಪದಲ್ಲಿ. ಹೆಂಗಸರಿಗೆ ಬಸ್ಸು ಪುಕ್ಕಟೆ. ಸುತ್ತಿ ಹೋದರೂ ಕಾಸಿಲ್ಲ, ದೋಣಿಗೆ ಇಪ್ಪತ್ತು. ತವರು ಆಚೆ ದಂಡೆಯಲ್ಲಿರುವ ಸೊಸೆಯಂದಿರೇ ದೋಣಿಯ ಖಾಯಂ ಗಿರಾಕಿಗಳು. ಅವರು ತವರಿಗೆ ಹೊರಡುವ ದೊಡ್ಡ ಹಬ್ಬ ಪಂಚಮಿ, ಅದು ಬರುವುದು ಶ್ರಾವಣದಲ್ಲಿ, ಹೊಳೆ ತುಂಬಿ ದೋಣಿ ಬಂದ್ ಇರುವಾಗ. ಹೀಗೆ ದೋಣಿ ವರ್ಷದ ಒಂದು ಒಳ್ಳೆಯ ಗಳಿಕೆಯನ್ನು ಹೊಳೆಗೇ ಬಿಡಬೇಕು. ಉಳಿಯುವವರು ಆಚೆ ಹೊಲ ಇರುವ ರೈತರು, ಕೂಲಿಗೆ ಹೋಗುವವರು, ಶಾಲೆಯ ಮಕ್ಕಳು. ಅದರಲ್ಲೂ ಮಕ್ಕಳಿಗೆ ದರ ಹಾಕುವುದೇ ತಪ್ಪು. ಅವರ ಪಾಲನ್ನು ಎರಡೂ ಪಂಚಾಯಿತಿ ಸೇರಿ ಕೊಡಬೇಕು.

ಜಾತ್ರೆಯ ದಿನ

ಮೈಲಾರಲಿಂಗೇಶ್ವರನ ಕಾರ್ಣಿಕ ಭಾರತ ಹುಣ್ಣಿಮೆಯ ಹೊತ್ತಿಗೆ. ಮೈಲಾರ ಆಚೆ ದಂಡೆಯ ಊರು, ಭಕ್ತರಲ್ಲಿ ಈಚೆಯವರೂ ಬಹಳ. ವರ್ಷವಿಡೀ ಐದಾರು ಜನರನ್ನು ಕಾದು ಕೂತ ದೋಣಿಗೆ ಆ ದಿನ ದಂಡೆಯಲ್ಲಿ ನೂರಾರು ಜನ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ಮಗುಚಿದ ದೋಣಿ 16 ಜನರನ್ನು ಬಲಿ ತೆಗೆದುಕೊಂಡಿತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿ ಸರೋವರದಲ್ಲಿ ಫೈಬರ್ ದೋಣಿ ಮಗುಚಿ 45 ಜನ ಸತ್ತರು. ಅದು ಅಲೆಯೇ ಇಲ್ಲದ ನೀರು. ಬೇಸಿಗೆಯ ತಣ್ಣನೆಯ ಹೊಳೆ ಎಂದು ಮೈಮರೆಯಲಾಗದು.

ಆ ದಿನದ ಕೆಲಸ ದೋಣಿಯಲ್ಲಿ ಇಲ್ಲ, ಮತ್ತೆ ದಂಡೆಯಲ್ಲೇ ಇದೆ. ಇಳಿಜಾರಿನ ಮೇಲ್ತುದಿಯಲ್ಲಿ ಬಿದಿರು ಕಟ್ಟಿ ಒಬ್ಬೊಬ್ಬರೇ ಬರುವಷ್ಟು ದಾರಿ ಮಾಡಬೇಕು. ಹನ್ನೆರಡು ಲೈಫ್ ಜಾಕೆಟ್ ಅಲ್ಲಿ ತೂಗುಹಾಕಿ, ಜಾಕೆಟ್ ಹಾಕಿಕೊಂಡವರೇ ಕೆಳಗೆ ಇಳಿಯಬೇಕು. ಜಾಕೆಟ್ ಮುಗಿದರೆ ದೋಣಿ ತುಂಬಿತು ಎಂದರ್ಥ, ಎಣಿಸುವ ಜಗಳವೇ ಇಲ್ಲ. ಆಚೆ ದಂಡೆಗೆ ಇನ್ನೊಂದು ಹನ್ನೆರಡು ಬೇಕು, ಇಲ್ಲವಾದರೆ ಮರಳುವವರು ಬರಿಮೈಯಲ್ಲಿ ಬರುತ್ತಾರೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಿಗೆ ಬಿದ್ದಾಗ ಅದು ಮೇಲಕ್ಕೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ಸಣ್ಣ ಅಳತೆಯವು, ಕಾಲ ಸಂದಿಯಲ್ಲಿ ಪಟ್ಟಿ ಇರುವಂಥವು ಬೇರೆಯೇ ಇರಬೇಕು. ಗೊರವರ ಡಮರುಗ, ಏಳುಕೋಟಿಯ ಘೋಷದ ನಡುವೆ ಅಂಬಿಗನ ಕೂಗು ಯಾರಿಗೂ ಕೇಳುವುದಿಲ್ಲ. ಒಂದು ಸೀಟಿ ಊದಿದರೆ ಕೂಡಬೇಕು, ಎರಡು ಊದಿದರೆ ಇಳಿಯಬಹುದು ಎಂದು ದಂಡೆಯಲ್ಲೇ ಹೇಳಿ ಕಳಿಸಬೇಕು.

ಯಾವಾಗ ಬಂದ್ ಮಾಡುವುದು

ಸೆಳವು ಅಳೆಯಲು ಯಂತ್ರ ಬೇಕಿಲ್ಲ. ದಂಡೆಗುಂಟ 20 ಮೀಟರ್ ಅಂತರದಲ್ಲಿ ಎರಡು ಗೂಟ ಹುಗಿದು, ನಡುಹೊಳೆಯಲ್ಲಿ ತೇಲಿ ಬರುವ ಕಸವನ್ನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿದರಾಯಿತು. 20 ಸೆಕೆಂಡು ಹಿಡಿದರೆ ಸೆಕೆಂಡಿಗೆ ಒಂದು ಮೀಟರ್. ಹರಿಗೋಲು ಅಲ್ಲಿಗೆ ನಿಲ್ಲಬೇಕು. 13 ಸೆಕೆಂಡಿಗೆ ಬಂದರೆ ಒಂದೂವರೆ ಮೀಟರ್. ಎಂಜಿನ್ ದೋಣಿಯೂ ನಿಲ್ಲಬೇಕು. ಗಂಟೆಗೆ ಎಂಟು ಕಿಲೋಮೀಟರ್ ಓಡುವ ದೋಣಿ ಸೆಕೆಂಡಿಗೆ 2.2 ಮೀಟರ್ ಹೋಗುತ್ತದಷ್ಟೆ, ಅದರಲ್ಲಿ ಒಂದೂವರೆ ಹೊಳೆಯ ಪಾಲಾದರೆ ಎದುರಿಗೆ ಮರದ ದಿಮ್ಮಿ ಬಂದಾಗ ತಪ್ಪಿಸಲು ಏನೂ ಉಳಿಯುವುದಿಲ್ಲ. ದಂಡೆ ಪಕ್ಕದ ನೀರು ನೋಡಿ ಲೆಕ್ಕ ಹಾಕಬಾರದು, ಅದು ಯಾವಾಗಲೂ ನಿಧಾನ.

ಮೇಲಿನ ಸುದ್ದಿಯೂ ಮುಖ್ಯ. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು ಮೂರು ಚಿಲ್ಲರೆ ಟಿಎಂಸಿ ಮಾತ್ರ. ಮಳೆ ಜೋರಾದರೆ ಬೇಗ ತುಂಬಿ ಗೇಟು ತೆಗೆಯುತ್ತಾರೆ. ಭದ್ರೆಯದು 71 ಟಿಎಂಸಿಗೂ ಹೆಚ್ಚು, ಅದು ತಡವಾಗಿ ಬಿಟ್ಟರೂ ಬಹಳ ದಿನ ಬಿಡುತ್ತದೆ. ಕೇಂದ್ರ ಜಲ ಆಯೋಗದ ಅಳತೆ ಕೇಂದ್ರಗಳು ತುಂಗಭದ್ರೆಗೆ ಹರಳಹಳ್ಳಿಯಲ್ಲಿ, ವರದೆಗೆ ಮರೋಳದಲ್ಲಿ ಇವೆ. ಗಳಗನಾಥದ ಕೆಳಗಿನವರು ಎರಡನ್ನೂ ನೋಡಬೇಕು, ಹೊಳೆ ಶಾಂತವಿದ್ದರೂ ವರದೆ ಒಂದೇ ರಾತ್ರಿಯಲ್ಲಿ ಏರಿಸಬಲ್ಲದು.

ಕಾಗದದ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಎಂಜಿನ್ ಹಚ್ಚಿದ ಕೂಡಲೇ ದೋಣಿಗೆ ನೋಂದಣಿ, ತಪಾಸಣೆ, ವಿಮೆ, ನಡೆಸುವವನಿಗೆ ಅರ್ಹತೆಯ ಪತ್ರ ಎಲ್ಲ ಬೇಕಾಗುತ್ತದೆ. ಇದಕ್ಕಿಂತ ಮೊದಲು ಎರಡೂ ದಂಡೆಯ ಪಂಚಾಯಿತಿಗಳ ನಡುವೆ ಒಂದು ಪುಟದ ಬರಹದ ಒಪ್ಪಂದ ಆಗಬೇಕು: ಯಾವ ಇಳಿಜಾರು ಯಾರು ತೊಳೆಯುವುದು, ಬಂದ್ ಮಾಡುವ ಮಾತು ಯಾರದ್ದು, ರಾತ್ರಿ ದೋಣಿ ಯಾವ ದಂಡೆಯಲ್ಲಿ. ಕೊನೆಯದಕ್ಕೇ ಹೆಚ್ಚು ಜಗಳ. ಆಸ್ಪತ್ರೆ ಯಾವ ದಂಡೆಗೆ ದೂರವೋ ಆ ದಂಡೆಯಲ್ಲಿ ದೋಣಿ ಮಲಗುವುದು ಸರಿ, ಏಕೆಂದರೆ ನಡುರಾತ್ರಿ ಹೊಳೆ ದಾಟಬೇಕಾಗುವುದು ಆ ಕಡೆಯ ರೋಗಿ. ಕರೆ ಮಾಡಿದಾಗ 108ಕ್ಕೆ ಎದುರು ದಂಡೆಯ ಇಳಿಜಾರಿನ ಹೆಸರನ್ನೇ ಹೇಳಬೇಕು, ಊರ ಹೆಸರು ಹೇಳಿದರೆ ಆಂಬ್ಯುಲೆನ್ಸ್ ಸುತ್ತಿ ಬರಲು ಹೊರಡುತ್ತದೆ. ಸ್ಟ್ರೆಚರ್ ಸೀಟಿನ ಮೇಲೆ ಅಡ್ಡ ಇಡುವುದಲ್ಲ, ದೋಣಿಯ ತಳಕ್ಕೆ ಉದ್ದಕ್ಕೆ. ಅದಕ್ಕಾಗಿ ನಡುವಿನ ಒಂದು ಹಲಗೆ ಎತ್ತಿ ತೆಗೆಯುವಂತಿರಬೇಕು, ಮೊಳೆ ಹೊಡೆದಿರಬಾರದು.